ಪಿಯಾನೋದ ಕುದುರೆ ಕೆಟ್ಟಾಗ

ವೀಣೆಗೆ ತಂತಿ ಏರಿಸುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಸರಿ, ಅತ್ತೆ ಅಂಗಳದಿಂದ ನನ್ನನ್ನು ಕೂಗುವಂತಿಲ್ಲ. ನಾನು ಒಂದು ಒದ್ದೆ ಟವೆಲನ್ನು ತಂತಿಯ ಉದ್ದಕ್ಕೂ ಹೊದಿಸಿ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿರಬೇಕು. ಯಜಮಾನರು ಮುಖವನ್ನು ಆಚೆ ತಿರುಗಿಸಿಕೊಂಡು ಬಿರಡೆಯನ್ನು, ಅಂದರೆ ತಂತಿ ಸುತ್ತುವ ಮರದ ಗೂಟವನ್ನು, ತಿರುಗಿಸಬೇಕು. ಇದು ಮಾವನ ಕಾಲದ ಪದ್ಧತಿಯಲ್ಲ, ನಾನು ತಂದ ಕಾನೂನು. ನಮ್ಮ ಮದುವೆಯಾದ ವರ್ಷವೇ ಒಂದು ಉಕ್ಕಿನ ತಂತಿ ಹರಿದು ಹಾರಿ ಯಜಮಾನರ ಎಡಗಣ್ಣನ್ನು ತೆಗೆದುಬಿಟ್ಟಿತ್ತು. ಆಮೇಲೆ ಅವರಿಗೆ ಉಳಿದದ್ದು ಬಲಗಣ್ಣೊಂದೇ. ಅದೂ ಹೋದರೆ ಏನು ಗತಿ ಅನ್ನುವ ಭಯ ನನ್ನ ಜೊತೆಗೇ ಎದ್ದು ನನ್ನ ಜೊತೆಗೇ ಮಲಗುತ್ತಿತ್ತು.

ಅವರಿಗೆ ಇದೆಲ್ಲ ತಮಾಷೆ. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತಾರೆ. ನಂದು ಮೆಳ್ಳೆನೂ ಅಲ್ಲ ಕಣೇ, ಒಂದಾದ್ರೂ ನೆಟ್ಟಗೈತೆ" ಅನ್ನುತ್ತಿದ್ದರು. ನನಗೆ ರೇಗುತ್ತಿತ್ತು. ಕಣ್ಣು ಕಳಕೊಂಡವರು ನಗಬಹುದು, ಅದನ್ನು ಕಾಯುವವರಿಗೆ ನಗು ಬರುವುದಿಲ್ಲ.

ನಮ್ಮದು ತ್ಯಾಮಗೊಂಡ್ಲು ಕಡೆಯ ಸಣ್ಣ ಊರು. ರಾಗಿ, ಹುರುಳಿ ಬೆಳೆದುಕೊಂಡಿದ್ದ ಮನೆ. ಕಣದ ಕೆಲಸ ತೀರಿದ ಮೇಲೆ ವೀಣೆಯ ಕೆಲಸ. ಹಲಸಿನ ದಿಮ್ಮಿ ಒಣಗಿಸಿ ವೀಣೆಯ ಬುರುಡೆಯಾಗುವ ಕೊಡ ಕೊರೆಯುವುದು, ಅದಕ್ಕೆ ಉದ್ದನೆಯ ದಂಡಿ ಕೂಡಿಸುವುದು ಎಲ್ಲ ಯಜಮಾನರದು. ಅಂಚಿನ ಹೂಬಳ್ಳಿಯ ಗೀರು ಕೆತ್ತುವುದು, ಅರಗು ತುಂಬುವುದು ನನ್ನದು. ನಾನು ಆವತಿ ಕಡೆಯಿಂದ ಬಂದವಳು. ನಮ್ಮ ತವರಿನಲ್ಲಿ ತಂತಿ ಅಂದರೆ ಬೇಲಿಗೆ ಕಟ್ಟುವ ವಸ್ತು, ಅಷ್ಟೆ. ಇಲ್ಲಿಗೆ ಬಂದ ಮೇಲೆಯೇ ಅದಕ್ಕೆ ಸಿಟ್ಟು ಬರುತ್ತದೆ ಅಂತ ಗೊತ್ತಾದದ್ದು.

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಬರ, ಸಕ್ಕರೆಗೆ ಬರ, ವೀಣೆಯ ತಂತಿಗಂತೂ ದೊಡ್ಡ ಬರ. ಅಂಥ ದಿನದಲ್ಲಿ ಒಂದು ಮಧ್ಯಾಹ್ನ ದೊಡ್ಡಬಳ್ಳಾಪುರದಿಂದ ಒಬ್ಬ ಕಾಂಪೌಂಡರು ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ಆ ಊರಾಚೆ ರೈಲು ಹಳಿಯ ಹತ್ತಿರ ಆಗ ಒಂದು ಸಣ್ಣ ಮಿಷನ್ ಆಸ್ಪತ್ರೆ ಇತ್ತು, ಅಲ್ಲಿ ಅವರ ಕೆಲಸ. ಅವರ ಹೆಂಡತಿ ನುಡಿಸುತ್ತಿದ್ದ ವೀಣೆ ನಮ್ಮ ಮನೆಯಲ್ಲೇ ಆದದ್ದು. ಆಸ್ಪತ್ರೆಯ ಬಿಳಿ ಡಾಕ್ಟರಮ್ಮನ ಹತ್ತಿರ ಒಂದು ಹಳೆಯ ಪಿಯಾನೋ ಇದೆಯಂತೆ. ಸೋಲ್ಜರುಗಳಿರುವ ದಂಡಿನ ಪೇಟೆಯ ಯಾವುದೋ ಅಂಗಡಿಗೆ ಕಳಿಸಿ, ಬಿಚ್ಚಿಸಿ, ಹೊಸ ತಂತಿ ಹಾಕಿಸಿ, ಹೊಸದೇ ಅನ್ನುವಂತೆ ಮಾಡಿಸಿ ತಂದಿದ್ದರಂತೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದು ಪುನಃ ಹಾಳಾಯಿತು. ಇವತ್ತು ಶ್ರುತಿ ಮಾಡಿದರೆ ನಾಳೆಗೆ ಇಳಿದು ಹೋಗುತ್ತದೆ. ಮೇಲಿನ ಸ್ವರಗಳು ಜೇನು ಹೊಕ್ಕ ಹಾಗೆ ಗುಂಯ್‌ಗುಡುತ್ತವೆ. ಅಂಗಡಿಯ ಕೆಲಸಗಾರ ಪಲ್ಟನ್ನು ಸೇರಿ ಎಲ್ಲಿಗೋ ಹೋಗಿದ್ದಾನೆ.

"ತಂತಿ ವಿಚಾರ ಬಲ್ಲೋರು ಈ ಸೀಮೆಗೆಲ್ಲ ನೀವೊಬ್ರೇ. ಬಂದು ನೋಡಿ ಗುರುಗಳೇ" ಅಂದರು ಕಾಂಪೌಂಡರು.

ಬಾಗಿಲ ಹಿಂದಿನಿಂದಲೇ ನಾನು ಕೇಳಿದೆ: "ಅದ್ರಲ್ಲಿ ತಂತಿ ಎಷ್ಟಿರ್ತವೆ?"

"ಇನ್ನೂರರ ಮೇಲಿರ್ತವೇನೋ ತಾಯಿ."

ವೀಣೆಗಿರುವುದು ಏಳು, ಅದರಲ್ಲಿ ಒಂದೇ ಒಂದು ಸಾಕಾಗಿತ್ತು ಒಂದು ಕಣ್ಣಿಗೆ. ಯಜಮಾನರು ಬೇಡ ಅನ್ನುತ್ತಾರೆ ಅಂತ ಕಾದೆ. ಕಂಡಿಲ್ಲದ ಕೆಲಸಕ್ಕೆ ಕೈ ಹಾಕುವವರಲ್ಲ ಅವರು. ಆವತ್ತು ಮಾತ್ರ ಕಾಂಪೌಂಡರು ಮಜ್ಜಿಗೆ ಕುಡಿದು ಲೋಟ ಇಡುವ ಮೊದಲೇ "ಬರ್ತೀನಿ" ಅಂದುಬಿಟ್ಟರು. ಏನಾಗಿದೆ ಇವರಿಗೆ ಅಂತ ನನಗೆ ಅರ್ಥವಾಗಲಿಲ್ಲ. ಅತ್ತೆ ಬೈದರು, ನಾನು ಊಟ ಬಿಟ್ಟೆ. ಯಾವುದೂ ನಡೆಯಲಿಲ್ಲ. ಕೊನೆಗೆ ನಾನೂ ಜೊತೆಗೆ ಹೊರಟೆ. ಕಟ್ಟಿಕೊಂಡವಳು ಕಾವಲಿಗೂ ಇರಬೇಕಲ್ಲ.

ಗಾಡಿಯಲ್ಲಿ ಉಳಿ, ಅರ, ಅಂಟಿನ ಕುಡಿಕೆ, ಒಂದು ಬೀಟೆ ಮರದ ತುಂಡು, ಅದರ ಮೇಲೆ ನನ್ನ ಕರಿ ಕಂಬಳಿ. ಆಸ್ಪತ್ರೆಯ ಹತ್ತಿರ ಬರುತ್ತಿದ್ದ ಹಾಗೇ ಫಿನಾಯಿಲ್ ವಾಸನೆ ಹೊಡೆಯಿತು. ಜಗುಲಿಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಮೂರು ನಾಲ್ಕು ಜನ ಸಾಲಾಗಿ ಕೂತಿದ್ದರು. ನಾನು ಮುಖ ತಿರುಗಿಸಿಕೊಂಡೆ. ಯಜಮಾನರು ತಿರುಗಿಸಿಕೊಳ್ಳಲಿಲ್ಲ, ಒಂದು ಗಳಿಗೆ ಅಲ್ಲೇ ನಿಂತರು.

ಡಾಕ್ಟರಮ್ಮ ವಯಸ್ಸಾದವರು, ಎತ್ತರದ ಹೆಂಗಸು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರಿಂದ ನಮ್ಮ ಹಾಗೇ ಮಾತಾಡುತ್ತಿದ್ದರು. ತಮ್ಮ ಬಂಗಲೆಯ ದೊಡ್ಡ ಹಾಲಿನಲ್ಲಿ ಪಿಯಾನೋದ ಮುಂದಿನ ಹಲಗೆಗಳನ್ನು ತಾವೇ ಬಿಚ್ಚಿ ತೋರಿಸಿದರು. ಒಳಗೆ ನೋಡಿದವಳಿಗೆ ಜೀವ ಬಾಯಿಗೆ ಬಂತು. ಕಬ್ಬಿಣದ ಚೌಕಟ್ಟಿನ ತುಂಬ ತಂತಿಯೋ ತಂತಿ. ಬೆರಳಿನಷ್ಟು ದಪ್ಪದ ತಾಮ್ರದ ಸುತ್ತಿನವು ಒಂದು ಕಡೆ, ಸೂಜಿಯಂಥವು ಇನ್ನೊಂದು ಕಡೆ, ಎಲ್ಲವೂ ಮಿಸುಕದೆ ಬಿಗಿದುಕೊಂಡು ನಿಂತಿವೆ.

"ಒಂದೊಂದು ತಂತಿನೂ ಒಂದಾಳು ಭಾರ ಎಳೀತಾ ಐತೆ. ಹುಷಾರು ಕಣಪ್ಪಾ" ಅಂದರು ಡಾಕ್ಟರಮ್ಮ.

ಯಜಮಾನರು ಮೇಲಿನ ಉಕ್ಕಿನ ಗೂಟಗಳ ಮೇಲೆ ಬೆರಳಾಡಿಸಿ ಮೂಸಿದರು. "ಎಣ್ಣೆ ಬಿಟ್ಟವ್ರೆ" ಅಂದರು. ತುಕ್ಕು ಹಿಡಿಯದಿರಲಿ ಅಂತಲೋ ಏನೋ, ಅಂಗಡಿಯವನು ಗೂಟಗಳಿಗೆ ಎಣ್ಣೆ ಹಚ್ಚಿದ್ದ. ಅದು ಮರದ ತೂತಿಗೆ ಇಳಿದು ಹಿಡಿತ ಹೋಗಿತ್ತು. ಆಮೇಲೆ ತಂತಿಗಳ ಕೆಳಗೆ ಕೈ ತೂರಿಸಿ ಒಂದು ಉದ್ದನೆಯ ಮರದ ದಿಂಡನ್ನು ತಡವಿದರು. ತಂತಿಗಳೆಲ್ಲ ಅದರ ಮೇಲೆ ಹಾದು ಹೋಗುತ್ತವೆ. ವೀಣೆಯಲ್ಲಿ ಅದಕ್ಕೆ ನಾವು ಕುದುರೆ ಅನ್ನುತ್ತೇವೆ. ತಂತಿಯ ನಡುಕವನ್ನು ಹೊತ್ತು ಮರಕ್ಕೆ ಮುಟ್ಟಿಸುವುದು ಅದರ ಕೆಲಸ. ಈ ಕುದುರೆಯ ಮೇಲೆ ತಂತಿಗೆ ಎರಡರಂತೆ ಸಣ್ಣ ಮೊಳೆಗಳನ್ನು ಓರೆಯಾಗಿ ಹೊಡೆದಿದ್ದರು, ತಂತಿ ಅವುಗಳ ನಡುವೆ ಸೊಟ್ಟಗೆ ನುಸುಳಿ ಹೋಗಬೇಕು. ಮೇಲಿನ ಸ್ವರಗಳ ಕಡೆ ಆ ಮೊಳೆಗಳ ಸಾಲಿನಲ್ಲೇ ಮರ ಸೀಳಿತ್ತು. ಸೀಳು ಕಾಣದಿರಲಿ ಅಂತ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಮೊಳೆಗಳು ಗಾಳಿಗೆ ಬಿದ್ದ ರಾಗಿ ತೆನೆಯ ಹಾಗೆ ಒಂದೇ ಕಡೆಗೆ ವಾಲಿದ್ದವು. ಒಳಗಿನ ಕೊಳಕಿಗೆ ಮೇಲೆ ಥಳುಕು.

"ಕುದುರೆ ಸೀಳೈತೆ ತಾಯಿ. ಆ ಭಾಗ ಕೊಯ್ದು ತೆಗ್ದು ಹೊಸಾ ಮರ ಕೂರಿಸ್ಬೇಕು. ಅದಕ್ಕೆ ಮುಂಚೆ ತಂತಿಯೆಲ್ಲ ಇಳಿಸ್ಬೇಕು" ಅಂದರು ಯಜಮಾನರು. ಇಳಿಸುವುದು ಅಂದರೆ ಏರಿಸಿದಷ್ಟೇ ಗಂಡಾಂತರ. ಒಂದೇ ಕಡೆಯಿಂದ ಸಡಿಲ ಮಾಡಿಕೊಂಡು ಹೋದರೆ ಇನ್ನೊಂದು ಕಡೆಯ ಭಾರಕ್ಕೆ ಹಲಗೆ ಬಾಯಿ ಬಿಡುತ್ತದೆ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಅಂತ ಊರೆಲ್ಲ ಸುತ್ತಿ ಬಂದು ಪುನಃ ಮೊದಲಿನಿಂದ ಶುರು ಮಾಡಬೇಕು.

ಆಸ್ಪತ್ರೆಯ ಆಳುಗಳು ಪಿಯಾನೋವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ತಂತಿಗಳನ್ನು ಬಡಿಯುವ ಸಣ್ಣ ಸುತ್ತಿಗೆಗಳ ಗೂಡನ್ನು ಎತ್ತಿ ಬೇರೆ ಕಡೆ ಇಟ್ಟರು. ನಾನು ಕಂಬಳಿಯನ್ನು ನೀರಲ್ಲಿ ಅದ್ದಿ ಹಿಂಡಿ ತಂತಿಗಳ ಮೇಲೆ ಹೊದಿಸಿದೆ. ಯಜಮಾನರು ಪಿಯಾನೋದ ಜೊತೆ ಬಂದಿದ್ದ ಕಬ್ಬಿಣದ ಚಾವಿಯನ್ನು ಗೂಟಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಹೋದರು. ಒಂದೊಂದು ತಿರುವಿಗೂ ಒಳಗಿನಿಂದ ಕಟ್ ಅನ್ನುವ ಸದ್ದು. ಒಂದೊಂದು ಕಟ್‌ಗೂ ನನ್ನ ಮೈ ಜುಂ ಅನ್ನುವುದು. ಅವರು ವೀಣೆಗೆ ತಿರುಗಿಸುವ ಹಾಗೆ ಮುಖ ಆಚೆ ಮಾಡಲಿಲ್ಲ. ಮೂಗು ಗೂಟಕ್ಕೆ ತಾಕುವಷ್ಟು ಬಗ್ಗಿದ್ದರು.

"ಮುಖ ಎತ್ತಿ" ಅಂದೆ.

"ಹೊಸಾ ಕೆಲ್ಸ ಕಣೇ. ನೋಡ್ಬೇಕಲ್ಲ."

"ನೋಡೋಕೆ ಇರೋದು ಒಂದು. ಅದನ್ನ ಅಲ್ಲೇ ಇಟ್ಬಿಟ್ಟು ಬರ್ತೀರಾ?"

ಅವರು ಎತ್ತಲಿಲ್ಲ. ಎತ್ತಿದರೂ ಮತ್ತೆ ಬಗ್ಗುವರು. ನಾನು ಕಂಬಳಿಯ ಅಂಚನ್ನು ಅವರ ಮುಖಕ್ಕೂ ತಂತಿಗೂ ನಡುವೆ ಎಳೆದು ಎಳೆದು ಹಿಡಿಯುತ್ತಿದ್ದೆ. ಹಾಗೆ ಹಿಡಿದದ್ದೇ ಒಳ್ಳೆಯದಾಯಿತು. ಸೀಳಿನ ಕಡೆಯ ತಂತಿಗಳಿಗೆ ಬಂದಾಗ, ತಿರುಗಿಸಿದ್ದು ಒಂದು ಕೂದಲೆಳೆಯಷ್ಟು ಇರಬಹುದು, ಠಣ್ ಅಂತ ಹಾಲಿಗೆ ಹಾಲೇ ಅದುರಿತು. ಕಂಬಳಿ ಹಾವು ಹೊಕ್ಕ ಹಾಗೆ ಎಗರಿತು. ನನಗೆ ಏನೂ ಕಾಣಲಿಲ್ಲ, ಅವರ ಮುಖ ಬಿಟ್ಟು. ಅದನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಕಣ್ಣು ಇತ್ತು. ಆಮೇಲೆ ನೋಡಿದರೆ ಹರಿದ ತಂತಿಯ ತುದಿ ಕಂಬಳಿಯ ನೇಯ್ಗೆಯನ್ನು ತೂರಿಕೊಂಡು ಅವರ ಹುಬ್ಬಿನ ನೇರಕ್ಕೆ ಮುಳ್ಳಿನ ಹಾಗೆ ಹೊರಗೆ ಬಂದು ನಿಂತಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ಅವರು ನಕ್ಕರು. ಆ ನಗು ಸರಿಯಾಗಿರಲಿಲ್ಲ, ಆದರೆ ನಾನು ನಡುಗುತ್ತಿದ್ದವಳು, ನಗುವಿನ ಪರೀಕ್ಷೆ ಯಾರು ಮಾಡುತ್ತಾರೆ?

ಸೀಳಿದ ಭಾಗವನ್ನು ಕೊಯ್ದು ತೆಗೆದು, ಬೀಟೆಯ ತುಂಡನ್ನು ಅಳತೆಗೆ ಇಳಿಸಿ, ಚರ್ಮ ಕುದಿಸಿ ಮಾಡಿದ ಅಂಟಿನಿಂದ ಕೂರಿಸಿ ಒಣಗಲು ಬಿಟ್ಟದ್ದಾಯಿತು. ಅಷ್ಟರಲ್ಲಿ ಎಣ್ಣೆ ಹಿಡಿದ ಗೂಟಗಳನ್ನು ಕಿತ್ತು, ಆಸ್ಪತ್ರೆಯ ಸ್ಪಿರಿಟ್ಟಿನಲ್ಲಿ ಒರೆಸಿ, ತೂತಿಗೆ ಉಪ್ಪುಕಾಗದದ ಪಟ್ಟಿ ಸುತ್ತಿಟ್ಟು ಪುನಃ ಬಡಿದರು. ಉಪ್ಪುಕಾಗದದ ಒರಟು ಮೈ ಮರವನ್ನು ಕಚ್ಚಿಕೊಂಡಿತು. ಗೂಟ ಈಗ ಒದ್ದರೂ ಅಲ್ಲಾಡದು. ನಾವು ರೋಗಿಗಳ ಕಡೆಯವರಿಗಿದ್ದ ಶೆಡ್ಡಿನಲ್ಲಿ ಅಡಿಗೆ ಮಾಡಿಕೊಂಡು ಇದ್ದೆವು. ಹಗಲು ಡಾಕ್ಟರಮ್ಮ ಕೆಲಸದ ನಡುವೆ ಬಂದು ಇಣುಕಿ ಹೋಗುವರು. ಅವರ ಹೆಜ್ಜೆ ಕೇಳಿದರೆ ಸಾಕು, ಯಜಮಾನರು ಉಳಿಯನ್ನು ನೆಲಕ್ಕಿಟ್ಟು ಏನೋ ಹೇಳುವವರ ಹಾಗೆ ಎದ್ದು ನಿಲ್ಲುವರು. ಏನೂ ಹೇಳದೆ ಪುನಃ ಕೂರುವರು.

ಹೊಸ ಕುದುರೆಗೆ ಮೊಳೆ ಹೊಡೆಯುವಾಗ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಓರೆ ಸರಿಯಾಗೈತಾ ನೋಡು" ಅನ್ನುವರು. "ಗುರುತು ಎಲ್ಲೈತೆ, ಬೆರಳಿಡು" ಅನ್ನುವರು. ನನ್ನ ಹೆದರಿಕೆ ಮರೆಸಲು ಕೈಗೆ ಕೆಲಸ ಕೊಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಹೆಬ್ಬೆರಳಿನಿಂದ ತಡವುತ್ತಾ ತಡವುತ್ತಾ ಕುದುರೆಯ ನೆತ್ತಿಯನ್ನು ಅರದಿಂದ ನಯವಾಗಿ ಉಜ್ಜಿದರು. ಎಷ್ಟು ನಯ ಅಂದರೆ ಆಮೆಯ ಬೆನ್ನಿನ ಹಾಗೆ ಇಳಿಜಾರಾಗಿ ಮಿನುಗುತ್ತಿತ್ತು. ಅದೇ ಕೈ, ಅದೇ ಇಳಿಜಾರು, ನಮ್ಮ ಮನೆಯ ಪ್ರತಿ ವೀಣೆಗೂ ಇರುವಂಥದ್ದು.

ಹರಿದದ್ದಕ್ಕೆ ಗಂಟು ಹಾಕಿದ್ದಾಯಿತು, ತಂತಿ ಏರಿತು. ಏರುವಾಗ ನನ್ನ ಪ್ರಾಣ ಎಷ್ಟು ಸಲ ಹೋಗಿ ಬಂತು ಅಂತ ಹೇಳಿ ಪ್ರಯೋಜನವಿಲ್ಲ. ಯಾವುದೂ ಹರಿಯಲಿಲ್ಲ. ಪಿಯಾನೋವನ್ನು ಎತ್ತಿ ನಿಲ್ಲಿಸಿ ಗೂಡನ್ನು ಸೇರಿಸಿದರು. ಯಜಮಾನರು ಹೊಸ ಮರದ ಕಡೆಯ ಒಂದು ಸ್ವರದ ಪಟ್ಟಿಯನ್ನು ಒತ್ತಿದರು. ಸ್ವರ ಹೊರಟು ನಿಲ್ಲದೆ ಜುಂಯ್ ಅಂತ ಎಳೆದುಕೊಂಡು ಹೋಯಿತು. ಅವರ ಮುಖ ಅರಳಿತು.

"ಕೇಳಿದ್ಯಾ? ಜೀವಾಳ ಬಂತು!"

ವೀಣೆಯವರಿಗೆ, ತಂಬೂರಿಯವರಿಗೆ ಅದೇ ಬೇಕು. ತಂತಿ ಕುದುರೆಯ ಇಳಿಜಾರನ್ನು ಸವರಿಕೊಂಡು ನಡುಗಿದಾಗ ಬರುವ ಆ ಝೇಂಕಾರಕ್ಕೆ ನಾವು ಜೀವಾಳ ಅನ್ನುತ್ತೇವೆ. ಅದಿಲ್ಲದ ವೀಣೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

ಡಾಕ್ಟರಮ್ಮ ಬಂದು ಕೂತು ನುಡಿಸಿದರು. ನುಡಿಸುತ್ತಿದ್ದ ಹಾಗೇ ಕೈ ನಿಧಾನವಾಯಿತು. "ಅಯ್ಯೋ ನಮ್ಮಪ್ಪಾ, ಇದೇ ಅಲ್ವಾ ಕಾಯಿಲೆ! ಅಲ್ಲೊಂದು ಇಲ್ಲೊಂದು ಸ್ವರಕ್ಕಿತ್ತು. ಈಗ ಈ ಕಡೆ ಪೂರಾ ಹಬ್ಬಿಸ್ಬಿಟ್ಟಿದ್ದೀಯಲ್ಲಾ" ಅಂದರು. ಬೈಯಲಿಲ್ಲ. ಕೆಳಗಿನ ಹಲಗೆಯನ್ನು ತೆಗೆದು, ಹಳೆಯ ಕುದುರೆ ಉಳಿದಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಪ್ರತಿ ಮೊಳೆಯ ಮಗ್ಗುಲಿಗೂ ಮರವನ್ನು ಓರೆಯಾಗಿ ಕಚ್ಚು ಹಾಕಿ ತೆಗೆದಿದ್ದರು. ತಂತಿ ಮೊಳೆಯನ್ನು ದಾಟಿದ ತಕ್ಷಣ ಮರವನ್ನು ಬಿಟ್ಟು ಗಾಳಿಗೆ ಹೋಗಲಿ, ಎಲ್ಲೂ ಸವರದಿರಲಿ ಅಂತ. ಪಿಯಾನೋಗೆ ಝೇಂಕಾರ ಬೇಡ. ಕಡಿದಿಟ್ಟ ಹಾಗೆ ಸ್ವಚ್ಛ ಸ್ವರ ಬೇಕು. ಯಜಮಾನರು ಹಾಕಿದ ಹೊಸ ಮರದಲ್ಲಿ ಆ ಕಚ್ಚು ಒಂದೂ ಇರಲಿಲ್ಲ.

ನಾನು ಬಗ್ಗಿ ನೋಡಿದೆ. ಒಂದೊಂದು ಕಚ್ಚೂ ಹುಣಿಸೆ ಬೀಜದಷ್ಟಿತ್ತು. ಬಾಗಿಲಲ್ಲಿ ನಿಂತರೂ ಕಾಣುವಷ್ಟು ಢಾಳಾಗಿತ್ತು. ನಾನಂತೂ ಅಷ್ಟು ದಿನ ಅವರ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಯಜಮಾನರು ವೀಣೆಯ ಅಭ್ಯಾಸದಿಂದ ಹಾಗೆ ಮಾಡಿದರು ಅಂತ ಡಾಕ್ಟರಮ್ಮ ಅಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ದೇವಸ್ಥಾನದ ಕಂಬದ ಯಾಳಿಯನ್ನು ಒಂದು ಸಲ ನೋಡಿ ಮನೆಗೆ ಬಂದು ಅದರ ಹಲ್ಲಿನ ಸಮೇತ ಕೆತ್ತುವ ಮನುಷ್ಯ ಇವರು. ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಸಾಲಾಗಿ ಇದ್ದ ಕಚ್ಚುಗಳು ಇವರಿಗೆ ಕಂಡಿರಲಿಲ್ಲ. ಗೂಟಕ್ಕೆ ಮೂಗು ತಾಗಿಸಿದ್ದು, ಬೆರಳಿಡು ಅಂದದ್ದು, ಹೆಬ್ಬೆರಳಿನಲ್ಲಿ ತಡವಿದ್ದು ಎಲ್ಲ ಒಟ್ಟಿಗೆ ನನ್ನ ತಲೆಗೆ ಬಂತು. ನಾನು ಕಂಬಳಿ ಹಿಡಿದು ತಂತಿಯನ್ನು ಕಾಯುತ್ತಿದ್ದೆ. ಕಳ್ಳ ಬೇರೆ ಬಾಗಿಲಿನಿಂದ ಮನೆಯೊಳಗೆ ಬಂದಾಗಿತ್ತು.

ಶೆಡ್ಡಿಗೆ ಬಂದ ಮೇಲೆ ಕೇಳಿದೆ. "ಎಷ್ಟು ದಿನದಿಂದ?"

ಅವರು ಏನು ಅಂತ ಕೇಳಲಿಲ್ಲ. ಹೊರಗಿನ ಬೇವಿನ ಮರದ ಕಡೆ ಮುಖ ಮಾಡಿ ಕೂತರು. "ಸುಗ್ಗಿಯಿಂದ. ಮಂಜು ಬಿದ್ದಂಗೆ ಕಾಣ್ತದೆ. ಮೊದಮೊದಲು ಮಂಜೇ ಅಂದ್ಕೊಂಡೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಮೊದಲೇ ಹೆದರಿ ಸಾಯ್ತೀಯ."

"ಈಗ ಹೆದರದೆ ಹಾಡು ಹೇಳ್ತಾ ಕೂತಿದ್ದೀನಾ?" ಅಂದೆ. ಸಿಟ್ಟಿಗೆ ಕಣ್ಣೀರು ಬಂತು. "ಈ ಸ್ಥಿತೀಲಿ ಇಷ್ಟು ತಂತಿ ಮುಂದೆ ಬಂದು ಮುಖ ಇಟ್ರಲ್ಲ, ಏನು ತಲೆ ಕೆಟ್ಟಿತ್ತಾ?"

ಆಮೇಲೆ ಮೆಲ್ಲಗೆ ಹೇಳಿದರು. ಈ ಡಾಕ್ಟರಮ್ಮ ಕಣ್ಣಿನ ಪೊರೆ ತೆಗೆಯುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ರೋಗಿ ಅಂತ ಬರಲು ಕಾಲು ಏಳಲಿಲ್ಲ. ಕೆಲಸದ ನೆಪದಲ್ಲಿ ಬಂದರೆ ಮಾತಿನ ನಡುವೆ ಕೇಳಿಬಿಡಬಹುದು ಅಂದುಕೊಂಡು ಹೊರಟಿದ್ದರು. "ದಿನಾ ಕೇಳ್ಬೇಕು ಅಂತ ಏಳ್ತಿದ್ದೆ ಕಣೇ. ಆಗ್ಲಿಲ್ಲ. ಆಕೆ ನೋಡಿ, ಇದಕ್ಕೆ ದಾರಿ ಇಲ್ಲಪ್ಪಾ ಅಂದ್ಬಿಟ್ರೆ? ಕೇಳೋ ತನಕ ಅಷ್ಟಾದ್ರೂ ಆಸೆ ಇರ್ತದಲ್ಲ."

ಇಷ್ಟು ವರ್ಷ ಹೆದರುವ ಕೆಲಸವೆಲ್ಲ ನನ್ನೊಬ್ಬಳದೇ ಅಂದುಕೊಂಡಿದ್ದೆ. ಈ ಮನುಷ್ಯ ನನಗಿಂತ ಹೆಚ್ಚು ಹೆದರಿಕೊಂಡು, ಅದನ್ನು ನಗುವಿನಲ್ಲಿ ಮುಚ್ಚಿಟ್ಟು ತಿರುಗುತ್ತಿದ್ದರು. ಪಾಪ ಅನ್ನಿಸಿತು. ಎರಡು ಬಾರಿಸೋಣ ಅಂತಲೂ ಅನ್ನಿಸಿತು.

"ಕೆಲ್ಸ ಮುಗ್ಸಿ ಆಮೇಲೆ ನಾನೇ ಕೇಳ್ತೀನಿ" ಅಂದೆ.

"ಬೇಡ" ಅಂದರು. ನಾನು ಒಲೆ ಹಚ್ಚಲು ಎದ್ದೆ.

ಪುನಃ ಪಿಯಾನೋ ಮಲಗಿತು, ಪುನಃ ತಂತಿಗಳನ್ನು ಇಳಿಸಿದ್ದಾಯಿತು. ಈ ಸಲ ಬಗ್ಗಿದ್ದು ನಾನು. ವೀಣೆಯ ಅಂಚಿಗೆ ಬಳ್ಳಿ ಕೆತ್ತಿ ಕೈ ಪಳಗಿತ್ತು. ಹಳೆಯ ಕಚ್ಚುಗಳನ್ನು ನೋಡಿಕೊಂಡು ಹೊಸ ಮರದ ಮೇಲೆ ಮೊಳೆ ಮೊಳೆಗೂ ಕಚ್ಚು ಹಾಕುತ್ತಾ ಹೋದೆ. ಯಜಮಾನರು ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿ, "ಇನ್ನೂ ಒಂದು ಚೂರು" ಅಥವಾ "ಸಾಕು" ಅನ್ನುವರು. ಬೀಟೆ ಕಲ್ಲಿನಂಥ ಮರ. ಉಳಿ ಜಾರಿದರೆ ಮೊಳೆಯೇ ಕಿತ್ತು ಬರುತ್ತದೆ. ಆದರೆ ಉಳಿಯ ಕೆಲಸ ಏನೂ ಅಲ್ಲ ಅಂತ ಗೊತ್ತಾದದ್ದು ತಂತಿ ಏರಿಸುವಾಗ. ಪ್ರತಿ ತಂತಿಯೂ ಮೊಳೆಯ ಸರಿಯಾದ ಮಗ್ಗುಲಿಗೆ ಕೂತಿದೆಯೇ ಅಂತ ಯಾರಾದರೂ ಮುಖ ತಂದು ನೋಡಲೇಬೇಕು. ಕಂಬಳಿ ಹೊದಿಸಿದರೆ ಕಾಣುವುದಿಲ್ಲ, ತೆಗೆದರೆ ಕಾಪಾಡುವುದಿಲ್ಲ.

ನಾನು ಕಂಬಳಿಯನ್ನು ಅಷ್ಟಗಲ ಸರಿಸಿ ಮುಖವಿಟ್ಟೆ. ಯಜಮಾನರು ಚಾವಿ ತಿರುಗಿಸಿದರು. ತಂತಿ ಬಿಗಿಯುವಾಗ ಸಣ್ಣಗೆ ಕಿರುಗುಟ್ಟುತ್ತದೆ, ಆ ಸದ್ದು ದೂರದಲ್ಲಿ ನಿಂತವರಿಗೆ ಕೇಳುವುದಿಲ್ಲ. ನನ್ನ ರೆಪ್ಪೆಯ ಹತ್ತಿರವೇ ಕೇಳುತ್ತಿತ್ತು. ಬೆವರು ಮೂಗಿನ ತುದಿಯಿಂದ ಮರದ ಮೇಲೆ ತೊಟ್ಟಿಕ್ಕಿತು. ಚಾವಿ ನಿಂತಿತು. ತಲೆ ಎತ್ತಿ ನೋಡಿದರೆ ಯಜಮಾನರು ಚಾವಿಯಿಂದ ಕೈ ತೆಗೆದಿದ್ದಾರೆ. ತಮ್ಮ ಕಣ್ಣಿಗಾದರೆ ಹಿಂಜರಿಯದ ಕೈ.

"ನನ್ನಿಂದಾಗಲ್ಲ ಕಣೇ. ನೀನು ಮುಖ ತೆಗಿ."

"ತಿರುಗ್ಸಿ" ಅಂದೆ. ಅವರು ತಿರುಗಿಸಿದರು. ಹಾಗೆಯೇ ಕೊನೆಯ ತಂತಿಯವರೆಗೂ ಹೋದೆವು, ಒಬ್ಬರಿಗೊಬ್ಬರು ಬೈದುಕೊಳ್ಳುತ್ತಾ.

ಡಾಕ್ಟರಮ್ಮ ನುಡಿಸಿದಾಗ ಸ್ವರ ಹುಣ್ಣಿಮೆಯ ಬೆಳಕಿನಷ್ಟು ಸ್ವಚ್ಛವಾಗಿತ್ತಂತೆ. ನೋಡಲು ಬಂದಿದ್ದ ಕಾಂಪೌಂಡರು ಹಾಗೆ ಹೇಳಿದರು. ನನಗೆ ಅದೊಂದೂ ಕೇಳಲಿಲ್ಲ. ಆಕೆ ಕೈ ಎತ್ತುವುದನ್ನೇ ಕಾಯುತ್ತಿದ್ದೆ. ಎತ್ತಿದ ತಕ್ಷಣ ಮುಂದೆ ಹೋಗಿ, "ಅಮ್ಮಾ, ನಮ್ಮ ಯಜಮಾನ್ರ ಕಣ್ಣು ನೋಡಿ" ಅಂದೆ. ಯಜಮಾನರು ಎದ್ದು ಬಾಗಿಲ ಕಡೆ ಹೊರಟರು. ಬಾಗಿಲು ಅಂದುಕೊಂಡು ಕಿಟಕಿಯ ಪರದೆಯ ಹತ್ತಿರ ಹೋಗಿ ನಿಂತರು.

ಆಕೆ ಟಾರ್ಚು ಹಿಡಿದು ನೋಡಿದರು. ಪೊರೆ ಬೆಳೆದಿದೆ, ತೆಗೆಯಬಹುದು ಅಂದರು. ನಾನು ದೇವರಿಗೆ ಕೈ ಮುಗಿಯುವಷ್ಟರಲ್ಲಿ ಆಕೆ ಮುಂದಿನದನ್ನೂ ಹೇಳಿದರು. ಎರಡು ಕಣ್ಣು ಇದ್ದವರಿಗೆ ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಇಲ್ಲಿ ಕೀವು ಆದರೆ, ರಕ್ತ ಇಳಿದರೆ, ಈಗ ಮಸುಕಾಗಿ ಕಾಣುವುದೂ ಹೋಗುತ್ತದೆ. ತೆಗೆಯದೆ ಬಿಟ್ಟರೆ ಬೆಳಕಾದರೂ ಗೊತ್ತಾಗುತ್ತಿರುತ್ತದೆ. "ಒಂಟಿ ಕಣ್ಣಿಗೆ ಕತ್ತಿ ಇಡೋಕೆ ನನಗೂ ಭಯಾನೇ ಕಣಮ್ಮಾ. ಸುಳ್ಳು ಹೇಳಲ್ಲ" ಅಂದರು.

ಅತ್ತ ದರಿ, ಇತ್ತ ಪುಲಿ. ಯಜಮಾನರು ನನ್ನ ಕಡೆ ತಿರುಗಿದರು. "ನೀನು ಹೇಳು. ನೀನು ಹೇಳಿದಂಗೆ."

ಅಷ್ಟು ವರ್ಷ ಆ ಕಣ್ಣಿನ ಹತ್ತಿರ ಒಂದು ತಂತಿ ಸುಳಿಯಲೂ ಬಿಡದವಳು ನಾನು. ಕತ್ತಿ ಇಡಿ ಅಂತ ನನ್ನ ಬಾಯಿಂದಲೇ ಬರಬೇಕಾಗಿತ್ತು. ಹೇಳಿದೆ. ಹೇಳಿ ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಆಪರೇಷನ್ ಆದ ಮೇಲೆ ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು ಅವರನ್ನು ಅಂಗಾತ ಮಲಗಿಸಿದ್ದರು. ಅಲ್ಲಾಡುವಂತಿಲ್ಲ, ಕೆಮ್ಮುವಂತಿಲ್ಲ. ನಾನು ಗಂಜಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದೆ. ಇಬ್ಬರೂ ಕಣ್ಣಿನ ಮಾತು ಎತ್ತಲಿಲ್ಲ. ರಾಗಿ, ಮಳೆ, ಅತ್ತೆಯ ಮಂಡಿನೋವು ಅಂತ ಏನೇನೋ ಮಾತಾಡಿದೆವು. ಬಂಗಲೆಯ ಹಾಲಿನಿಂದ ಆಗಾಗ ಪಿಯಾನೋ ಕೇಳುತ್ತಿತ್ತು. ಅದು ಕೇಳಿದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು, ಎಲ್ಲಿ ಇನ್ನೊಂದು ತಂತಿ ಹರಿಯುತ್ತದೋ ಅಂತ.

ಬಟ್ಟೆ ಬಿಚ್ಚುವ ದಿನ ಡಾಕ್ಟರಮ್ಮ ಕಿಟಕಿಯ ಒಂದು ಬಾಗಿಲು ಮಾತ್ರ ತೆರೆಸಿದರು. ನನ್ನನ್ನು ಮಂಚದ ಮುಂದೆ, ಬೆಳಕು ಮುಖಕ್ಕೆ ಬೀಳುವ ಹಾಗೆ ನಿಲ್ಲಿಸಿದರು. ಸುತ್ತು ಸುತ್ತಾಗಿ ಬಟ್ಟೆ ಬಿಚ್ಚುವುದು ಕಾಣುತ್ತಿತ್ತು. ಕೊನೆಯ ಹತ್ತಿಯ ತುಂಡಿಗೆ ಆಕೆ ಕೈ ಹಾಕಿದಾಗ ನನ್ನಿಂದ ನೋಡಲಾಗಲಿಲ್ಲ. ಆಮೇಲೆ ಏನಾಯಿತು ಅಂತ ಕಿವಿಗೆ ಕೇಳಿದ್ದಷ್ಟೇ ಗೊತ್ತು. ದಪ್ಪ ಗಾಜೊಂದನ್ನು ಕಣ್ಣ ಮುಂದೆ ಹಿಡಿಯುತ್ತೇನೆ ಅಂತ ಡಾಕ್ಟರಮ್ಮ ಹೇಳಿದರು. ಮೆಲ್ಲಗೆ ಬಿಡು ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಆ ನಿಶ್ಶಬ್ದ ಎಷ್ಟು ಉದ್ದವಿತ್ತು ಅಂದರೆ, ಹೋಯಿತು, ಎಲ್ಲ ಹೋಯಿತು, ನಾನೇ ಕಳೆದೆ ಅಂದುಕೊಂಡು ನಿಂತಿದ್ದೆ.

"ಲೇ," ಅಂದರು ಯಜಮಾನರು, "ಕಣ್ಣು ಬಿಡೇ. ಯಾಕೆ ಅಷ್ಟು ಬಿಗಿಯಾಗಿ ಮುಚ್ಕೊಂಡಿದ್ದೀಯ?"